ಬಿಟ್ಟಿ ಸೀಟಿನ ಕ್ಯಾಪ್ಟನ್

ಕಳೆದ ವಾರ ನನ್ನ ಮಗಳು ವನಜಳ ನಿಶ್ಚಿತಾರ್ಥ ಆಯಿತು. ಹುಡುಗಿಯ ತಂದೆ ಕೂರಬೇಕಾದ ಮಣೆಯ ಮೇಲೆ ಕೂತಿದ್ದವನು ನಾನಲ್ಲ, ಪಕ್ಕದ ಮನೆಯ ಪೈಲಟ್ ಮುನಿರಾಜು.

ಗಾಬರಿ ಬೇಡ, ನಾನಿನ್ನೂ ಬದುಕಿದ್ದೇನೆ. (ಈ ಅಂಕಣ ಓದುತ್ತಿದ್ದೀರಲ್ಲ, ಅದೇ ಸಾಕ್ಷಿ.) ಆ ಹೊತ್ತಿನಲ್ಲಿ ನಾನು ಮದ್ರಾಸಿನ ವಿಮಾನ ನಿಲ್ದಾಣದಲ್ಲಿ, ತೊಡೆಯ ಮೇಲೆ ಒಂದು ಕಬ್ಬಿಣದ ಗಿಯರ್ ಚಕ್ರ ಇಟ್ಟುಕೊಂಡು ಕೂತಿದ್ದೆ. ಬೆಂಗಳೂರಿನ ವಿಮಾನ ಹೊರಡಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ. ವಿಮಾನ ಹೊರಡುತ್ತಿರಲಿಲ್ಲ. ಯಾಕೆಂದರೆ ಅದನ್ನು ಹಾರಿಸಬೇಕಾಗಿದ್ದವನು ಹೆಬ್ಬಾಳದಲ್ಲಿ ನನ್ನ ಮಣೆಯ ಮೇಲೆ ಕೂತಿದ್ದ!

ಮೊದಲಿನಿಂದ ಹೇಳಿಬಿಡುತ್ತೇನೆ.

ನಮ್ಮ ಮುನಿರಾಜು ಹೆಬ್ಬಾಳದ ಹಳೆಯ ಮನೆತನದ ಹುಡುಗ. ಅವನಪ್ಪ ಮುನಿಯಪ್ಪನವರು ಕೆರೆಯ ಹಿಂದೆ ಸೊಪ್ಪು, ತರಕಾರಿ ಬೆಳೆಯುತ್ತಾರೆ. ಚಿಕ್ಕಂದಿನಲ್ಲಿ ಆ ತೋಟದ ಬದುವಿನ ಮೇಲೆ ನಿಂತು ಯಲಹಂಕದ ಕಡೆಯಿಂದ ಬರುವ ವಿಮಾನಗಳಿಗೆ ಕೈ ಬೀಸುತ್ತಿದ್ದವನು, ದೊಡ್ಡವನಾಗಿ ಜಕ್ಕೂರಿನ ಮೈದಾನದಲ್ಲಿ ಹಾರಾಟ ಕಲಿತು ಕ್ಯಾಪ್ಟನ್ ಆಗಿಬಿಟ್ಟ. ಊರಿಗೆಲ್ಲ ಹೆಮ್ಮೆ. ಒಂದೇ ತೊಡಕು. ಅವನ ಕಂಪನಿ ಅವನಿಗೆ ಕೊಟ್ಟ ಠಾಣೆ ಮದ್ರಾಸು. ಡ್ಯೂಟಿ ಶುರುವಾಗುವುದೂ ಅಲ್ಲೇ, ಮುಗಿಯುವುದೂ ಅಲ್ಲೇ.

ಹೆಂಡತಿ ಜಯಮ್ಮನನ್ನು ಕರೆದುಕೊಂಡು ಹೋಗಿ ಅಲ್ಲಿ ಸಂಸಾರ ಹೂಡಿದ್ದೂ ಆಯಿತು. ಒಂದು ಬೇಸಿಗೆ ಕಳೆಯಿತು, ಅಷ್ಟೆ. ಸೆಖೆ, ಉಪ್ಪುನೀರು, ಬೆವರುಸಾಲೆ. ಗಂಡಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಹೆಬ್ಬಾಳಕ್ಕೆ ವಾಪಸ್ಸು. ಹಾಗಾದರೆ ಕೆಲಸ? "ವಿಮಾನದಲ್ಲೇ ಓಡಾಡ್ತೀನಿ ಬಿಡಿ ಅಣ್ಣ" ಅಂದ. ನಾವು ಬಸ್ಸಿನಲ್ಲಿ ಹೋಗುತ್ತೇವೆ ಅನ್ನುವ ಹಾಗೆ!

ಅಂದಿನಿಂದ ಅವನ ದಿನಚರಿ ಕೇಳಿ. ಬೆಳಗಿನ ವಿಮಾನದಲ್ಲಿ ಪ್ರಯಾಣಿಕನಾಗಿ ಮದ್ರಾಸಿಗೆ ಹೋಗುವುದು. ಅಲ್ಲಿ ಟೋಪಿ ಸರಿಮಾಡಿಕೊಂಡು, ಮಧ್ಯಾಹ್ನದ ವಿಮಾನವನ್ನು ತಾನೇ ಹಾರಿಸಿಕೊಂಡು ಬೆಂಗಳೂರಿಗೆ ಬರುವುದು. ಮತ್ತೆ ಅದನ್ನು ಮದ್ರಾಸಿಗೆ ಒಯ್ದು ಒಪ್ಪಿಸಿ, ಮತ್ತೆ ಪ್ರಯಾಣಿಕನಾಗಿ ಮನೆಗೆ ಬರುವುದು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವನಿಗೆ ವಿಮಾನ ಗೊತ್ತಿರಲಿಲ್ಲ, ಅಷ್ಟೆ.

ಇದು ಗಿಟ್ಟುತ್ತದೆಯೇ? ಹೆಬ್ಬಾಳದ ಅರಳಿಕಟ್ಟೆಯಲ್ಲಿ ಬಹುಕಾಲ ನಡೆದ ಚರ್ಚೆ ಇದು. ನಾನು ಪರವಾಗಿದ್ದೆ. ನಾನೋ ಯಶವಂತಪುರದ ಕಾರ್ಖಾನೆಯೊಂದರ ಸ್ಟೋರ್ಸ್ ಗುಮಾಸ್ತ, ಸೈಕಲ್ ತುಳಿಯುವವನು. ನಾನು ರೈಲ್ವೆ ಗೇಟಿನ ಮುಂದೆ ಗೂಡ್ಸ್ ಗಾಡಿಯ ಡಬ್ಬಿ ನೋಡುತ್ತಾ ನಿಂತಿರುವ ಹೊತ್ತಿಗೆ ಅವನು ಅರ್ಧ ಆಕಾಶ ದಾಟಿರುತ್ತಾನೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಮುನಿಯಪ್ಪನವರು ಮಾತ್ರ ಒಪ್ಪಲಿಲ್ಲ. "ನಮ್ ಉಡ್ಗ ಮೋಡದ್ ಮ್ಯಾಲೆ ಓಗಿ ದುಡೀತಾನೆ, ನಾನು ಕೆರೆ ಇಂದ್ಕೆ ಓಗಿ ದುಡೀತೀನಿ. ಇಬ್ರಲ್ಲಿ ಮನೇಗ್ ಮೊದ್ಲು ಬರೋನು ನಾನೇ ಕಣಪ್ಪ" ಅಂದರು.

ಜಯಮ್ಮನ ತೀರ್ಪು ಇನ್ನೂ ಖಾರ. "ಬೇರೆಯವ್ರು ಕೆಲ್ಸ ಮುಗಿಸಿ ಮನೆಗ್ ಬರ್ತಾರೆ ಅಣ್ಣ. ನಮ್ಮೆಜಮಾನ್ರಿಗೆ ಮನೆಗ್ ಬರೋದೇ ಒಂದು ಕೆಲ್ಸ."

ಇನ್ನೊಂದು ಕಂಟಕವೂ ಇತ್ತು. ಕಂಪನಿಯ ಕಣ್ಣಿನಲ್ಲಿ ಮುನಿರಾಜುವಿನ ಊರು ಮದ್ರಾಸು. ಹೆಬ್ಬಾಳದಿಂದ ಬರುವುದು ಅವನ ಸ್ವಂತ ತಲೆನೋವು. ವಿಮಾನದಲ್ಲಿ ಸೀಟು ಖಾಲಿ ಇದ್ದರೆ ಬಿಟ್ಟಿಯಾಗಿ ಕೂರಬಹುದು. ದುಡ್ಡು ಕೊಟ್ಟವನು ಬಂದನೋ, ಎದ್ದು ಜಾಗ ಬಿಡಬೇಕು. ಕ್ಯಾಪ್ಟನ್ ಆದರೂ ಅಷ್ಟೆ, ಕ್ಯಾಪ್ಟನ್ನನ ಅಪ್ಪನಾದರೂ ಅಷ್ಟೆ.

ಈಗ ನನ್ನ ಕಥೆಗೆ ಬರುತ್ತೇನೆ.

ನಿಶ್ಚಿತಾರ್ಥದ ಹಿಂದಿನ ದಿನ ಕಾರ್ಖಾನೆಯ ದೊಡ್ಡ ಯಂತ್ರದ ಗಿಯರ್ ಮುರಿಯಿತು. ಬೇರೆಯದು ಇದ್ದದ್ದು ಮದ್ರಾಸಿನಲ್ಲಿ. ಮ್ಯಾನೇಜರ್ ಕರೆದರು. "ಬೆಳಗಿನ ಪ್ಲೇನಲ್ಲಿ ಹೋಗಿ. ಏರ್‌ಪೋರ್ಟಿಗೇ ತಂದು ಕೊಡ್ತಾರೆ. ಮಧ್ಯಾಹ್ನದ ಪ್ಲೇನಲ್ಲಿ ಬಂದ್ಬಿಡಿ."

"ನಾಳೆ ಸಂಜೆ ಮಗಳ ನಿಶ್ಚಿತಾರ್ಥ ಸಾರ್" ಅಂತ ಹೇಳಲು ಬಾಯಿ ತೆರೆದೆ. ಆದರೆ ಕಿವಿಯಲ್ಲಿ 'ಪ್ಲೇನು' ಅನ್ನುವ ಶಬ್ದ ಇನ್ನೂ ಗುಂಯ್‌ಗುಡುತ್ತಿತ್ತಲ್ಲ! ಹುಟ್ಟಿದಾಗಿನಿಂದ ತಲೆ ಎತ್ತಿ ನೋಡಿದ್ದೇ ಬಂತು, ಒಂದು ಸಲವಾದರೂ ಮೇಲಿನಿಂದ ಕೆಳಗೆ ನೋಡಬಾರದೇ? "ಆಗ್ಲಿ ಸಾರ್" ಅಂದೆ.

ಮನೆಯಲ್ಲಿ ರಾಮಾಯಣ. "ಗಂಡಿನ ಕಡೆಯವ್ರು ದೊಡ್ಡಬಳ್ಳಾಪುರದಿಂದ ಬರ್ತಾರೆ, ನೀವ್ ಮದ್ರಾಸಿಗೆ ಹೋಗ್ತೀನಿ ಅಂತೀರಲ್ಲ, ಬುದ್ಧಿ ನೆಟ್ಟಗಿದ್ಯೇನ್ರೀ?" ಅಂದಳು ನನ್ನಾಕೆ. "ಅವರು ಬಸ್ಸಿಳಿಯೋದ್ರೊಳಗೆ ನಾನು ವಿಮಾನ ಇಳಿದಿರ್ತೀನಿ ಕಣೇ" ಅಂದೆ. ಎಂಥ ಜಂಬ ನೋಡಿ!

ಬೆಳಗ್ಗೆ ಊರಿನ ಆ ತುದಿಯಲ್ಲಿರುವ ನಿಲ್ದಾಣಕ್ಕೆ ಹೋದರೆ, ವಿಮಾನ ಭರ್ತಿ. ನನ್ನ ಟಿಕೆಟ್ಟು ಕಡೆಯ ಗಳಿಗೆಯದು. ಕೌಂಟರಿನ ಹುಡುಗ ತಲೆ ಕೆರೆದುಕೊಂಡ. "ಒಂದು ಸೀಟಲ್ಲಿ ನಮ್ಮ ಸ್ಟಾಫ್ ಕೂತಿದ್ದಾರೆ ಸಾರ್. ಅವರು ಇಳಿದ್ರೆ..."

"ಇಳಿಸ್ರೀ!" ನನ್ನ ದನಿ ನನಗೇ ಹೊಸದಾಗಿತ್ತು. "ಕಾಸು ಕೊಟ್ಟವನು ನಾನು. ನನ್ನ ಮಗಳ ನಿಶ್ಚಿತಾರ್ಥ ಇದೆ ಇವತ್ತು. ಬಿಟ್ಟಿ ಸವಾರಿಯವರನ್ನ ಮೊದಲು ಇಳಿಸ್ರೀ!" (ಕಾಸು ಕೊಟ್ಟದ್ದು ಕಾರ್ಖಾನೆ. ಆ ಆವೇಶದಲ್ಲಿ ಅದು ಯಾರಿಗೆ ನೆನಪಾಗುತ್ತದೆ?)

ಇಳಿಸಿದರು. ನಾನು ಏಣಿಯ ಬಳಿ ಹೋದಾಗ ಮೇಲಿನಿಂದ ಟೋಪಿ ಕಂಕುಳಲ್ಲಿಟ್ಟುಕೊಂಡು ಇಳಿದು ಬರುತ್ತಿದ್ದವನು, ಇನ್ಯಾರು, ಮುನಿರಾಜು!

"ಅರೆ, ಅಣ್ಣ! ನೀವಾ?" ಎಂದು ನಕ್ಕ. ನಾನು ಬೆವೆತೆ. "ಲೋ, ನೀನು ಅಂತ ಗೊತ್ತಿರಲಿಲ್ಲ ಕಣೋ..."

"ಇರ್ಲಿ ಬಿಡಿ ಅಣ್ಣ, ಇದೇನ್ ಹೊಸದಾ? ನನ್ ಬದ್ಲು ಇನ್ಯಾರನ್ನಾದ್ರೂ ಹಾಕ್ಕೊತಾರೆ. ಹೇಗೂ ಮನೇಲಿರ್ತೀನಿ, ವನಜನ ಚಪ್ಪರಕ್ಕೆ ತೋರಣ ಕಟ್ತೀನಿ. ನೀವ್ ಆರಾಮಾಗಿ ಹೋಗ್ಬನ್ನಿ." ಅವನು ಹೊರಟ. ನಾನು ಏಣಿ ಹತ್ತಿದೆ. ಅವನ ಮೈಯ ಬಿಸಿ ಆ ಸೀಟಿನಲ್ಲಿ ಇನ್ನೂ ಇತ್ತು.

ನಾಚಿಕೆಯಾಯಿತೇ? ಆಯಿತು. ಆದರೆ ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರಮಿಂಟು ಕೊಟ್ಟರು ನೋಡಿ, ನಾಚಿಕೆ ಕರಗಿಹೋಯಿತು. ಮೇಲಿನಿಂದ ಎಲ್ಲ ಕೆರೆಗಳೂ ಸಾಸಿವೆ ಡಬ್ಬಿಯ ಮುಚ್ಚಳದಷ್ಟೇ ಕಾಣುತ್ತವೆ.

ಮದ್ರಾಸಿನಲ್ಲಿ ಗಿಯರ್ ಹೇಳಿದ ಹೊತ್ತಿಗೇ ಕೈಸೇರಿತು. ವಿಮಾನವೂ ಸಿದ್ಧವಾಗಿ ನಿಂತಿತ್ತು. ಆದರೆ ನಮ್ಮನ್ನು ಯಾರೂ ಕರೆಯಲಿಲ್ಲ. ಊಟದ ಹೊತ್ತು ಕಳೆಯಿತು. ಬಿಸಿಲು ಇಳಿಯತೊಡಗಿತು. ಮೈಯೆಲ್ಲ ನೀರು ನೀರು. ಹೋಗಿ ಕೇಳಿದೆ.

"ಪೈಲಟ್ ಬಂದಿಲ್ಲ ಸಾರ್."

"ಯಾಕೆ?"

"ಅವರು ಬೆಂಗಳೂರಿನಿಂದ ಬರಬೇಕಿತ್ತು. ಕ್ಯಾಪ್ಟನ್ ಮುನಿರಾಜು ಅಂತ."

ಗಿಯರ್ ಚಕ್ರ ಕೈಯಿಂದ ಜಾರಿ ಕಾಲಿನ ಮೇಲೆ ಬೀಳುವುದೊಂದು ಬಾಕಿ! ಅವನು ಮಧ್ಯಾಹ್ನದ ವಿಮಾನ ಹಾರಿಸುತ್ತಾನೆ ಅನ್ನುವುದು ನನಗೆ ಗೊತ್ತಿತ್ತು. ನಾನು ಮಧ್ಯಾಹ್ನದ ವಿಮಾನದಲ್ಲಿ ವಾಪಸ್ಸು ಹೊರಟವನು ಅನ್ನುವುದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮಾತ್ರ ಏಣಿ ಹತ್ತುವಾಗ ಬರಲಿಲ್ಲ. ಬದಲಿ ಪೈಲಟ್ಟಿಗೆ ಮೈ ಸರಿಯಿಲ್ಲವಂತೆ. ಇನ್ನೊಬ್ಬರು ಸಂಜೆ ಬಂದಿಳಿದ ಮೇಲೆಯೇ ವಿಮಾನ ಹೊರಡುವುದಂತೆ. ಹಗಲಿನ ರೈಲೂ ಹೋಗಿಯಾಗಿತ್ತು.

ಪಕ್ಕದಲ್ಲಿ ಕೂತಿದ್ದ ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಕಿಡಿಕಾರಿದರು. "ಆ ಪೈಲಟ್ಟನ್ನ ಬೆಳಗ್ಗೆ ಯಾವನೋ ಪ್ಯಾಸೆಂಜರ್ ಗಲಾಟೆ ಮಾಡಿ ಇಳಿಸಿದ್ನಂತೆ ಕಣ್ರೀ! ಎಂಥ ಮುಠ್ಠಾಳ ಇರ್ಬೇಕು ಅವ್ನು?"

"ದೊಡ್ಡ ಮುಠ್ಠಾಳನೇ ಇರ್ಬೇಕು ಸ್ವಾಮಿ" ಅಂದೆ. ಮಾಡಿದ್ದುಣ್ಣೋ ಮಹರಾಯ.

ಕಾರ್ಖಾನೆಗೆ ಟ್ರಂಕ್ ಕಾಲ್ ಮಾಡಿದೆ. ಮ್ಯಾನೇಜರು ಮೊದಲು ಕೇಳಿದ್ದು, "ಗಿಯರ್ ಕ್ಷೇಮವಾಗಿದೆ ತಾನೆ?" ಆಮೇಲೆ ಕನಿಕರಪಟ್ಟು ಒಬ್ಬ ಜವಾನನನ್ನು ಹೆಬ್ಬಾಳಕ್ಕೆ ಓಡಿಸಿದರು.

ಮುಂದಿನದು ನಾನು ಕಂಡದ್ದಲ್ಲ, ಮನೆಗೆ ಬಂದ ಮೇಲೆ ಕೇಳಿದ್ದು. ಬೀಗರು ಬಂದು ಕೂತಿದ್ದಾರೆ. ಹೊತ್ತು ಮುಳುಗುವುದರೊಳಗೆ ವೀಳ್ಯ ಬದಲಾಯಿಸಬೇಕು, ಆಮೇಲೆ ದೊಡ್ಡಬಳ್ಳಾಪುರದ ಕಡೆಯ ಬಸ್ಸು ಹಿಡಿಯಬೇಕು. ಹೆಣ್ಣಿನ ಕಡೆಯಿಂದ ದಂಪತಿಯೇ ಕೂರಬೇಕು, ನನ್ನಾಕೆ ಒಬ್ಬಳೇ ಕೂರುವ ಹಾಗಿಲ್ಲ. ನನಗೆ ಅಣ್ಣತಮ್ಮಂದಿರಿಲ್ಲ. ಗಂಡಿನ ಅಜ್ಜಿ ಮುಖ ಗಂಟಿಕ್ಕಿ, "ಮಗಳಿಗಿಂತ ಮದ್ರಾಸು ದೊಡ್ಡದಾಯ್ತಾ? ಇನ್ನೊಂದ್ ದಿನ ನೋಡಾಣ ಏಳಿ" ಅಂದರಂತೆ. ಇನ್ನೊಂದು ದಿನ ಅಂದರೆ ಏನರ್ಥ ಅಂತ ಹೆಣ್ಣು ಹೆತ್ತವರಿಗೆಲ್ಲ ಗೊತ್ತು.

ತೋರಣ ಕಟ್ಟುತ್ತಿದ್ದ ಮುನಿರಾಜು ಸ್ಟೂಲಿನಿಂದ ಇಳಿದನಂತೆ. "ನಾನು ಅವರ ತಮ್ಮ ಇದ್ದ ಹಾಗೆ ಅಜ್ಜಿ. ವನಜ ನನ್ ಕೈಯಲ್ಲಿ ಆಡಿದ ಮಗು" ಎಂದು ಜಯಮ್ಮನನ್ನು ಕರೆದು ಜೊತೆಗೆ ಕೂತೇಬಿಟ್ಟನಂತೆ. ವೀಳ್ಯ ಬದಲಾಯಿತು, ಮಾತು ನಿಂತಿತು.

ನಾನು ಮನೆ ಸೇರಿದಾಗ ಚಪ್ಪರದ ಕೆಳಗೆ ಎಲೆಅಡಿಕೆಯ ತೊಟ್ಟುಗಳಿದ್ದವು, ಬೀಗರಿರಲಿಲ್ಲ. ವನಜ ಎದುರು ಬಂದಳು. "ಕಾಲಿಗ್ ಬೀಳೋಣ ಅಂತ ತಿರುಗಿ ನೋಡ್ದೆ ಅಪ್ಪ. ನೀವಿರ್ಲಿಲ್ಲ" ಅಂದಳು. ಇಂಥದ್ದನ್ನೆಲ್ಲ ತಮಾಷೆ ಮಾಡಿ ಬರೆಯಬಹುದು, ತಮಾಷೆಯಾಗಿ ನುಂಗಲು ಆಗುವುದಿಲ್ಲ.

ಮುನಿರಾಜುವಿನ ಕೈ ಹಿಡಿದುಕೊಂಡೆ. ಅವನು ನಕ್ಕ. "ನೀವ್ ನನ್ ಸೀಟಲ್ಲಿ ಕೂತ್ರಿ, ನಾನ್ ನಿಮ್ ಸೀಟಲ್ಲಿ ಕೂತೆ. ಬಿಡಿ ಅಣ್ಣ."

ಕಂಪನಿ ಬಿಡಲಿಲ್ಲ. ಮರುದಿನವೇ ಮೆಮೊ ಬಂತು. ಮದ್ರಾಸಿನಲ್ಲಿ ವಾಸ ಮಾಡು, ಇಲ್ಲವೇ ಕೆಲಸ ಬಿಡು. ಪಾಪ, ಮುನಿರಾಜು ಒಬ್ಬನೇ ಅಲ್ಲೊಂದು ಕೋಣೆ ಹಿಡಿದಿದ್ದಾನೆ. ಜಯಮ್ಮ ಬರುವುದಿಲ್ಲ ಅಂದಳು. ರಜೆಯ ದಿನ ಅವನೇ ಹೆಬ್ಬಾಳಕ್ಕೆ ಬರುತ್ತಾನಂತೆ. ಹೇಗೆ? ವಿಮಾನದಲ್ಲಿ, ಸೀಟು ಖಾಲಿ ಇದ್ದರೆ! ಮೊನ್ನೆಯವರೆಗೆ ಕೆಲಸಕ್ಕೆ ವಿಮಾನದಲ್ಲಿ ಹೋಗುತ್ತಿದ್ದವನು ಇನ್ನು ಮನೆಗೆ ವಿಮಾನದಲ್ಲಿ ಬರಬೇಕು. ಇದರಿಂದ ಕಂಪನಿಗೆ ನೆಮ್ಮದಿಯಂತೆ. ಗಿಟ್ಟುತ್ತದೆಯೇ ಅನ್ನುವ ಅರಳಿಕಟ್ಟೆಯ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.

ನನ್ನ ಕಥೆಯೂ ಮುಗಿದಿಲ್ಲ. ನಿನ್ನೆ ದೊಡ್ಡಬಳ್ಳಾಪುರದಿಂದ ಅಜ್ಜಿ ಹೇಳಿಕಳಿಸಿದ್ದಾರೆ. ವೀಳ್ಯ ಹಿಡಿದ ದಂಪತಿಯೇ ಧಾರೆಯ ಹೊತ್ತಿಗೂ ಪಕ್ಕದಲ್ಲಿ ನಿಂತಿರಬೇಕು, ಅವರಿಲ್ಲದೆ ಧಾರೆ ಎರೆಯುವ ಹಾಗಿಲ್ಲ, ಅದು ಅವರ ಮನೆತನದ ಕಟ್ಟು. ಮದುವೆ ಬರುವ ತಿಂಗಳು. ಹಿಂದಿನ ರಾತ್ರಿಯವರೆಗೂ ಡ್ಯೂಟಿ, ರಾತ್ರಿಯ ರೈಲೂ ಸಿಗುವುದಿಲ್ಲ, ಹಾಗಾಗಿ ಮುಹೂರ್ತದ ದಿನ ಬೆಳಗ್ಗೆಯೇ ಮದ್ರಾಸಿನಿಂದ ಮುನಿರಾಜು ಬರುತ್ತಾನೆ. ಅವನಿಗೊಂದು ಟಿಕೆಟ್ ತೆಗೆದುಕೊಡೋಣವೆಂದು ಓಡಿದರೆ, ಆ ದಿನದ ಟಿಕೆಟ್ಟೆಲ್ಲ ಆಗಲೇ ಮುಗಿದಿವೆ. ಯಾರಾದರೂ ಬಾರದೆ ಉಳಿದರೆ ಅದೇ ಬಿಟ್ಟಿ ಸೀಟೇ ಗತಿ.

ಆ ಬೆಳಗ್ಗೆ ಮದ್ರಾಸಿನ ಕೌಂಟರಿನ ಮುಂದೆ ಇನ್ಯಾವನೋ ಹೆಣ್ಣು ಹೆತ್ತ ತಂದೆ "ಕಾಸು ಕೊಟ್ಟವನು ನಾನು" ಎಂದು ಕೂಗಿದರೆ, ಅವನಿಗೆ ಯಾವ ಬಾಯಿಂದ ಬೈಯಲಿ?