ಕೆಟ್ಟ ಯಂತ್ರವೇ ಚೆನ್ನಾಗಿತ್ತು

ಗೆಳೆಯರೇ, ಇವತ್ತು ರಿಪೇರಿಗೆ ಬಂದವನನ್ನು ತಡೆಯಲು ಹೋಗಿ ಬೈಸಿಕೊಂಡೆ.

ವಿಜ್ಞಾನ ಕೇಂದ್ರಕ್ಕೆ ಬಂದ ಜನ ಆಡುತ್ತಾ ಏನು ಕಲಿಯುತ್ತಾರೆ ಎಂದು ನೋಡುವುದೇ ಇಲ್ಲಿ ಸ್ಟಾಕ್‌ಹೋಮ್‌ನಲ್ಲಿ ನನ್ನ ಪಿಎಚ್‌ಡಿ. ಗುಂಡಿ ಒತ್ತಿದರೆ ಗಾಳಿಯಲ್ಲಿ ಚೆಂಡು ತೇಲಿಸುವ ಯಂತ್ರವೊಂದು ಬೆಳಿಗ್ಗೆ ಕೆಟ್ಟಿತು. ಆಮೇಲೆ ಅಲ್ಲಿಗೆ ಬಂದವರು ಕನ್ನಡದ ದಂಪತಿ.

"ಗಾಳಿ ಎಲ್ಲೋ ಲೀಕ್ ಆಗ್ತಿದೆ ಕಣ್ರೀ," ಎಂದರು ಹೆಂಡತಿ.

"ಇಲ್ಲ ಕಣೇ, ಚೆಂಡೇ ಭಾರ ಇರ್ಬೇಕು."

"ನೀವು ಸಾಫ್ಟ್‌ವೇರ್‌ನೋರು, ಸುಮ್ನಿರಿ!"

ಆಕೆ ನೆಲದ ಮೇಲೆ ಕೂತು, ಟಿಶ್ಯೂ ಹರಿದು ಗಾಳಿ ಬರುವ ಕೊಳವೆಯ ಬಾಯಿಗೆ ಹಿಡಿದರು. ಇಬ್ಬರು ಸ್ವೀಡಿಷ್ ಅಜ್ಜಿಯರೂ ಬಂದು ವಾದಕ್ಕಿಳಿದರು. ಜನರ ಮಾತು ದಾಖಲಿಸುವ ನನ್ನ ರೆಕಾರ್ಡರಿಗೆ ಹಬ್ಬವೋ ಹಬ್ಬ!

ಅಷ್ಟರಲ್ಲಿ ಟೆಕ್ನಿಷಿಯನ್ ಬಂದ. "ದಯವಿಟ್ಟು ಸರಿ ಮಾಡಬೇಡಿ," ಎಂದು ಗೋಗರೆದೆ.

"ನಿನಗೇನು ತಲೆ ಕೆಟ್ಟಿದೆಯಾ?" ಎಂದು ಗದರಿ, ಕೊಳವೆಯಿಂದ ಯಾವುದೋ ಮಗುವಿನ ಕೈಗವಸನ್ನು ಎಳೆದು ಹಾಕಿದ.

ಚೆಂಡು ಚೆಂದವಾಗಿ ತೇಲಿತು. ಮಾತು ನಿಂತಿತು. ಅಜ್ಜಿಯರು ಚಪ್ಪಾಳೆ ತಟ್ಟಿ ಹೋದರು. ದಂಪತಿ ಸೆಲ್ಫಿ ತೆಗೆದುಕೊಂಡು, "ನಡೀರಿ, ಫಿಕಾ ಮಾಡೋಣ" ಎಂದು ಇಲ್ಲಿಯವರಂತೆ ಕಾಫಿ-ತಿಂಡಿಗೆ ಕೆಫೆಯತ್ತ ನಡೆದೇಬಿಟ್ಟರು.

ನನ್ನ ಸಂಶೋಧನಾ ವಿಧಾನವನ್ನು ತುಸು ಬದಲಾಯಿಸಿದ್ದೇನೆ. ನಾಳೆ ಬೇಗ ಹೋಗುವವಳಿದ್ದೇನೆ, ಬ್ಯಾಗಿನಲ್ಲಿ ಸ್ಕ್ರೂಡ್ರೈವರ್ ಇದೆ.