ಮೂರನೇ ಹಾಸಿಗೆಯ ಪರದೆ

ಬೆಳಗಿನ ಆರು ಗಂಟೆ. ಕೊಚ್ಚಿಯ ವೈಟ್ಟಿಲದ ಬಸ್ಸುಗಳು ಆಗಲೇ ಹಾರ್ನ್ ಶುರುಹಚ್ಚಿಕೊಂಡಿವೆ. ಅಲ್ಲಿಂದ ಕೂಗಳತೆಯ ದೂರದಲ್ಲಿರುವ ಮಕ್ಕಳ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಚಂದ್ರಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಕಡುನೀಲಿ ಪರದೆಯೊಂದರ ಅಂಚು ಮಡಚುತ್ತಿದ್ದಾರೆ. ಬಾಯಲ್ಲಿ ಗುಂಡುಪಿನ್ನುಗಳಿರುವುದರಿಂದ ನನ್ನ ಮೊದಲ ಪ್ರಶ್ನೆಗಳಿಗೆಲ್ಲ ಬರುವ ಉತ್ತರ "ಹ್ಞೂಂ" ಒಂದೇ. ನಾನೂ ಬುದ್ಧಿವಂತನಂತೆ ಅದನ್ನೇ ಬರೆದುಕೊಳ್ಳುತ್ತಿದ್ದೇನೆ.

"ಇವತ್ತು ಮಧ್ಯಾಹ್ನ ಇದರ ಪರೀಕ್ಷೆ ಐತ್ರಿ," ಪಿನ್ನು ತೆಗೆದ ಮೇಲೆ ಮಾತು ಹೊರಡುತ್ತದೆ. "ಪಾಸಾದ್ರ ಎಲ್ಲಾ ಹಾಸಿಗಿಗೂ ಇದ. ಇಲ್ಲಂದ್ರ ಬಿಚ್ಚಿ ದಿಂಬಿನ ಚೀಲ ಮಾಡೂದು."

ಚಂದ್ರಮ್ಮ ಗುಳೇದಗುಡ್ಡದವರು. ಕಟ್ಟಡದ ಕೆಲಸಕ್ಕೆಂದು ಕೊಚ್ಚಿಗೆ ಬಂದ ಗಂಡನ ಹಿಂದೆ ಬಂದವರು. ಸಾರವೆಯಿಂದ ಬಿದ್ದು ಗಂಡನ ಸೊಂಟಕ್ಕೆ ಪೆಟ್ಟಾದ ಮೇಲೆ ಮನೆ ನಡೆಯುತ್ತಿರುವುದು ಇವರ ಹೊಲಿಗೆಯಿಂದ. ದಿನಕ್ಕೆ ನಲವತ್ತೋ ಐವತ್ತೋ ಹರಿದ ಹೊದಿಕೆ, ಗೌನು, ದಿಂಬು ಕೈ ದಾಟಿ ಹೋಗುತ್ತವೆ. "ಅಡಿಗಿ ಈಗ ಅವರದ. ಎಲ್ಲಾದಕ್ಕೂ ತೆಂಗಿನಕಾಯಿ ಹಾಕಿ ಹಾಕಿ ಪೂರಾ ಮಲಯಾಳಿ ಆಗ್ಯಾರ," ಎಂದು ಗಂಡನನ್ನು ಆಡಿಕೊಳ್ಳುತ್ತಾರೆ. ಆ ಧ್ವನಿಯಲ್ಲಿ ಪ್ರೀತಿಯೇ ಜಾಸ್ತಿ.

ಎರಡು ಮಹಡಿ ಮೇಲೆ ಮಕ್ಕಳ ತೀವ್ರ ನಿಗಾ ಘಟಕವಿದೆ. ಒಂದೇ ದೊಡ್ಡ ಹಜಾರ, ಎಂಟು ಹಾಸಿಗೆ. ಒಂದು ಮಗುವಿನ ಯಂತ್ರ ಕೂಗಿದರೆ ಎಂಟೂ ಮಕ್ಕಳು ಎಚ್ಚರ. ದೀಪವಂತೂ ಆರುವುದೇ ಇಲ್ಲ. ನಿದ್ದೆಯಿಲ್ಲದ ಮಗು ಚೇತರಿಸಿಕೊಳ್ಳುವುದು ನಿಧಾನ ಎಂದು ವೈದ್ಯರು ಹೇಳುತ್ತಾರೆ. ಗೋಡೆ ಒಡೆದು ಬೇರೆ ಬೇರೆ ಕೋಣೆ ಕಟ್ಟುವ ತನಕ ಕಾಯಿಲೆ ಕಾಯುವುದಿಲ್ಲವಲ್ಲ! ಹಾಗಾಗಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮೌನದ ಹೊತ್ತು ಎಂದು ಮಾಡಿದ್ದಾರೆ. ಆ ಹೊತ್ತಿನಲ್ಲಿ ದೀಪ ಮಂದ, ಯಂತ್ರಗಳ ಕೂಗು ನರ್ಸುಗಳ ಮೇಜಿಗೆ ಮಾತ್ರ. ಉಳಿದ ಬೆಳಕನ್ನು ತಡೆಯುವ ಹೊಣೆ ಚಂದ್ರಮ್ಮನ ಪರದೆಯದು.

ಆ ಪರದೆ ಒಂದೇ ಏಟಿಗೆ ಆದದ್ದಲ್ಲ. ಹಳೆಯ ಪರದೆಯ ಕಬ್ಬಿಣದ ಕೊಂಡಿಗಳು ಕಿರ್ರೆನ್ನುತ್ತಿದ್ದವು. ಸದ್ದೇ ಬೇಡವೆಂದು ಚಂದ್ರಮ್ಮ ಕೊಂಡಿ ಕಿತ್ತು ಬಟ್ಟೆಯ ಕುಣಿಕೆ ಹೊಲಿದರು. ತುರ್ತು ಚಿಕಿತ್ಸೆಯ ತಾಲೀಮಿನ ದಿನ ಡಾಕ್ಟರ್ ಮನೋಜ್ ಓಡಿ ಬಂದು ಎಳೆದರೆ ಕುಣಿಕೆ ಕಂಬಿಯನ್ನು ಕಚ್ಚಿ ಹಿಡಿಯಿತು. ಇನ್ನೊಮ್ಮೆ ಜಗ್ಗಿದಾಗ ಇಡೀ ಪರದೆ ಅವರ ತಲೆಯ ಮೇಲೆ!

"ಹೊಸಾ ಸೊಸಿ ಹಂಗ ಮುಸುಕು ಹಾಕ್ಕೊಂಡು ನಿಂತಿದ್ರಂತ," ಎಂದು ನಕ್ಕವರು ತಟ್ಟನೆ ಗಂಭೀರವಾಗುತ್ತಾರೆ. "ನಗೂ ಮಾತಲ್ರಿ. ಖರೇನ ಕೂಸಿಗೆ ಉಸಿರು ಕಟ್ಟಿದ್ದರ? ತಪ್ಪು ನಂದ. ಸದ್ದಿನ ಚಿಂತ್ಯಾಗ ಅವಸರಾನ ಮರತಿದ್ದೆ."

ದಾರಿ ತೋರಿಸಿದ್ದು ಮೂಡುಬಿದಿರೆಯ ನರ್ಸ್ ಜಾಯ್ಸ್. ಚಂದ್ರಮ್ಮನನ್ನು ಅವರು ಕರೆಯುವುದು ಇಲ್ಲಿಯವರ ಹಾಗೆ ಚೇಚಿ, ಅಂದರೆ ಅಕ್ಕ. "ಚೇಚೀ, ನನಗೆ ಪರದೆ ಸರಿಸುವುದೇ ಬೇಡ ಮಾರಾಯ್ರೆ. ಒಳಗೆ ನುಗ್ಗಲಿಕ್ಕೆ ಆದ್ರೆ ಸಾಕು," ಎಂದು ಅವರು ಅಂದದ್ದೇ ತಡ, ಚಂದ್ರಮ್ಮ ಪರದೆಯನ್ನು ಎರಡು ಭಾಗ ಮಾಡಿ, ಒಂದರ ಮೇಲೊಂದು ಮೊಳದಷ್ಟು ಹೊದ್ದುಕೊಳ್ಳುವಂತೆ ಹೊಲಿದರು. ನಡುವೆ ಕೈ ಹಾಕಿದರೆ ದಾರಿ, ಬಿಟ್ಟರೆ ಕತ್ತಲೆ.

ಇವತ್ತು ಅದು ಮೂರನೇ ಹಾಸಿಗೆಗೆ ಏರಿದೆ. ಅಲ್ಲಿರುವವನು ಹೃದಯದ ಶಸ್ತ್ರಚಿಕಿತ್ಸೆಯಾದ ಆರು ವರ್ಷದ ಋತ್ವಿಕ್. ಅಪ್ಪ ತಿರುವನಂತಪುರದಲ್ಲಿ ವಿಜ್ಞಾನಿ. ಅಮ್ಮ ಹಂಸಾ ಮೈಸೂರಿನವರು. "ಕಣ್ಣು ಮುಚ್ಚು ಪುಟ್ಟ ಅಂದ್ರೆ 'ಉರಕ್ಕಂ ವರುನ್ನಿಲ್ಲ' ಅಂತಾನೆ. ನಿದ್ದೆ ಬರಲ್ಲ ಅನ್ನೋದನ್ನೂ ಮಲಯಾಳದಲ್ಲೇ ಹೇಳ್ತಾನೆ," ಎನ್ನುವಾಗ ಹಂಸಾ ನಗಲು ನೋಡುತ್ತಾರೆ. ಆಪರೇಷನ್ ಆದಾಗಿನಿಂದ ಅವನದು ಬರೀ ಜೊಂಪು, ಬೆಚ್ಚಿ ಏಳುವುದು, ಅಳು.

ಎರಡು ಗಂಟೆಯಾಗುತ್ತದೆ. ಕೆಳಗೆ ಚಂದ್ರಮ್ಮನ ಯಂತ್ರ ಓಡುತ್ತಿಲ್ಲ. ಹರಿದ ಗೌನೊಂದನ್ನು ಮಡಚುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಚುತ್ತಾರೆ. ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ. ಮೂರೂವರೆಯ ಹೊತ್ತಿಗೆ ಜಾಯ್ಸ್ ಮೆಟ್ಟಿಲಿಳಿದು ಓಡಿ ಬರುತ್ತಾರೆ.

"ಮಲಗಿದ್ದಾನೆ ಚೇಚೀ! ಒಂದೂವರೆ ಗಂಟೆ ಆಯ್ತು. ನಾನು ಎರಡು ಸಲ ಒಳಗೆ ಹೋಗಿ ಬಂದೆ, ಅವನಿಗೆ ಗೊತ್ತೇ ಆಗ್ಲಿಲ್ಲ. ಎಲ್ಲಾ ಹಾಸಿಗೆಗೂ ಹೊಲೀಲಿಕ್ಕೆ ಮನೋಜ್ ಸಾರ್ ಹೇಳಿದ್ದಾರೆ. ಬನ್ನಿ, ನೋಡಿ ಹೋಗಿ."

ಚಂದ್ರಮ್ಮ ವಾರ್ಡಿಗೆ ಹೋಗುವುದು ಅಳತೆ ತೆಗೆಯಲು ಮಾತ್ರ. ಆಗ ಅವರು ಕಂಡದ್ದೆಲ್ಲ ಎಚ್ಚರವಿದ್ದ ಮಕ್ಕಳು. "ಒಂದು ಕೂಸರ ನನ್ನ ಪರದಿ ಹಿಂದ ಮಲಗಿದ್ದು ನೋಡಬೇಕು ಅನ್ನೂ ಆಶಾ ಐತ್ರಿ," ಎನ್ನುತ್ತ ಮೆಟ್ಟಿಲು ಹತ್ತುತ್ತಾರೆ. ಗೌನು ತೊಟ್ಟು, ಕೈ ತೊಳೆದು, ಬೆಕ್ಕಿನ ಹೆಜ್ಜೆಯಲ್ಲಿ ಮೂರನೇ ಹಾಸಿಗೆಯ ಹತ್ತಿರ ಬರುತ್ತಾರೆ. ಪರದೆಯ ಹೊರಗೆ ಕುರ್ಚಿಯಲ್ಲಿ ಹಂಸಾ. ಅವರ ಕಣ್ಣು ತುಂಬಿದೆ. ಹೋಗಿ ನೋಡಿ ಎಂದು ಕೈಸನ್ನೆ ಮಾಡುತ್ತಾರೆ.

ಚಂದ್ರಮ್ಮ ಪರದೆಯ ನಡುವೆ ಬೆರಳಿಡುತ್ತಾರೆ. ಒಳಗಿನಿಂದ ಸಣ್ಣಗೆ ಗೊರಕೆ ಕೇಳುತ್ತದೆ. ಬೆರಳು ಅಲ್ಲೇ ನಿಲ್ಲುತ್ತದೆ. ಆಮೇಲೆ ಮೆಲ್ಲಗೆ ಕೈ ಹಿಂದಕ್ಕೆ ತೆಗೆದು, ಅಂಚು ಸರಿಮಾಡಿ, ನಮ್ಮತ್ತ ತಿರುಗುತ್ತಾರೆ. ಮುಖದ ತುಂಬ ನಗು.

"ಮಲಗ್ಲಿ ಬಿಡ್ರಿ," ಎನ್ನುತ್ತಾರೆ ಪಿಸುದನಿಯಲ್ಲಿ. "ತಗದು ನೋಡಾಕಂತ ಹೊಲಿದಿದ್ದಲ್ಲ ಇದು."