ಭಾವನ ದನಿಗೆ ಬಿದ್ದ ತೂತು

ಟೇಪಣ್ಣನಿಗೆ ಹೇಸಿಗೆಯಾಗದ ವಸ್ತು ಈ ಲೋಕದಲ್ಲಿ ಕಡಿಮೆ. ಮೂವತ್ತು ವರ್ಷ ಜನರ ಹಳೇ ಕ್ಯಾಸೆಟ್ಟುಗಳ ಬೂಷ್ಟನ್ನು ಹತ್ತಿ, ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ ಅವನ ಮುಖ ಸಿಂಡರಿಸಿದಂತೆಯೇ ನಿಂತುಬಿಟ್ಟಿತ್ತು. ಆದರೆ ಬೂಷ್ಟಿಗಿಂತಲೂ ಅವನಿಗೆ ಅಸಹ್ಯ, ದನಿಯೊಳಗಿನ ಕಸ. ಫ್ಯಾನಿನ ಗೊರಗೊರ, ಯಾರದೋ ಕೆಮ್ಮು. ಅನ್ನದಲ್ಲಿ ಕಲ್ಲು ಕಡಿದವನಂತೆ ಆಡುತ್ತಿದ್ದ.

ಆ ಮಧ್ಯಾಹ್ನ ಅಂಗಡಿಗೆ ಅಕ್ಕ ಬಂದಳು. ಬಡಗಿಯಾಗಿದ್ದ ಭಾವ ತೀರಿಕೊಂಡು ಎರಡು ವರ್ಷ. ಒಮ್ಮೆ ರೇಡಿಯೋದಲ್ಲಿ ಮರಗೆಲಸದ ಬಗ್ಗೆ ಹದಿನೈದು ನಿಮಿಷ ಮಾತಾಡಿದ್ದರು. ಅವರ ದನಿಯೆಂದು ಉಳಿದದ್ದು ಅಷ್ಟೇ, ಅದೂ ರೇಡಿಯೋದವರ ವೆಬ್‌ಸೈಟಿನಲ್ಲಿ. ಕೇಳಬಹುದು, ಇಳಿಸಿಕೊಳ್ಳುವಂತಿಲ್ಲ. ಅವತ್ತು ಸಂಜೆ ಐದಕ್ಕೆ ಆ ವೆಬ್‌ಸೈಟನ್ನೂ ಕಾಯಮ್ಮಾಗಿ ಮುಚ್ಚುತ್ತಾರೆ.

"ಅದ್ರಲ್ಲಿ ಒಂದೇ ಒಂದ್ಸಲ ನನ್ನ ಹೆಸರು ಹೇಳ್ತಾರೆ ಕಣೋ. ಮನೇಲಂತೂ ಯಾವತ್ತೂ ಕರೆದೋರಲ್ಲ."

ಅಂಗಡಿಯ ಕಂಪ್ಯೂಟರಿನಲ್ಲಿ ಅದನ್ನು ಹಾಕಿಸಿ, ಅವಳೇ ತನ್ನ ಮೊಬೈಲನ್ನು ಸ್ಪೀಕರಿನ ಮುಂದೆ ಹಿಡಿದು ರೆಕಾರ್ಡ್ ಮಾಡಿದಳು. ಕೇಳಿದರೆ ಫ್ಯಾನು, ಬೀದಿಯ ಹಾರನ್ನು, ಆ ಹಾರನ್ನಿಗೆ ಟೇಪಣ್ಣ "ಥೂ" ಎಂದು ಉಗಿದದ್ದು, ಎಲ್ಲವೂ ಇತ್ತು.

"ಇದನ್ನ ನಾಯೀನೂ ಮೂಸಲ್ಲ. ಅಳಿಸಾಕು."

ಆಮೇಲೆ ಕಂಪ್ಯೂಟರಿಗೆ ವರ್ಚುವಲ್ ಡ್ರೈವರ್ ಹಾಕಿದ. ಇಲ್ಲದ ಸ್ಪೀಕರನ್ನು ಇದೆಯೆಂದು ಕಂಪ್ಯೂಟರಿಗೆ ನಂಬಿಸುವ ಡ್ರೈವರ್ ಅದು. ದನಿ ಆ ಸುಳ್ಳು ಸ್ಪೀಕರಿಗೆ ಹೋಗಿ ಅಲ್ಲಿಂದ ನೇರ ರೆಕಾರ್ಡಿಗೆ ಬೀಳುತ್ತದೆ. ಹೊರಗಿನ ಗಾಳಿಯನ್ನೇ ಮುಟ್ಟುವುದಿಲ್ಲ, ಹಾಗಾಗಿ ಕಸವೂ ಸೇರುವುದಿಲ್ಲ.

ನಾಲ್ಕೂಮುಕ್ಕಾಲಿಗೆ ಶುರು ಮಾಡಿದ. ಕೋಣೆ ಗಪ್ಚಿಪ್. ಪರದೆಯ ಮೇಲೆ ಹಸಿರು ಗೆರೆಗಳು ಮಾತ್ರ ಕುಣಿಯುತ್ತಿದ್ದವು.

ಕಿವಿಗೆ ಬೀಳದ್ದನ್ನು ಟೇಪಣ್ಣ ಜನ್ಮದಲ್ಲಿ ರೆಕಾರ್ಡ್ ಮಾಡಿದವನಲ್ಲ. ಗೆರೆಗಳನ್ನು ನಂಬಿ ಕೂರುವುದು ಅವನಿಗೆ ಮುಳ್ಳಿನ ಮೇಲೆ ಕೂತಂತಾಯಿತು. ಒಂಬತ್ತನೇ ನಿಮಿಷಕ್ಕೆ ತಡೆಯಲಾಗದೆ ದನಿಯನ್ನು ನಿಜವಾದ ಸ್ಪೀಕರಿಗೆ ತಿರುಗಿಸಿದ. ಭಾವನ ದನಿ ಬಂತು. "ಬರ್ತಿದೆ, ಬರ್ತಿದೆ," ಎಂದು ಅಕ್ಕನಿಗೆ ಜೋರಾಗಿ ಹೇಳಿ, ಸಮಾಧಾನವಾದ ಮೇಲೆ ಮತ್ತೆ ಸುಳ್ಳು ಸ್ಪೀಕರಿಗೇ ಕಳಿಸಿದ.

ಐದಾಯಿತು. ವೆಬ್‌ಸೈಟ್ ಮುಚ್ಚಿತು. ಇಬ್ಬರೂ ರೆಕಾರ್ಡ್ ಹಾಕಿ ಕೇಳಿದರು. ತೊಳೆದ ಗಾಜಿನಂಥ ದನಿ. ಒಂಬತ್ತನೇ ನಿಮಿಷದಲ್ಲಿ ಅದು ಕತ್ತರಿಸಿದಂತೆ ನಿಂತು, ಅರ್ಧ ನಿಮಿಷ ಬಿಟ್ಟು ಮತ್ತೆ ಹೊರಟಿತು.

"ನನ್ನ ಹೆಸರೆಲ್ಲೋ?"

ದನಿ ನಿಜವಾದ ಸ್ಪೀಕರಿಗೆ ಬಂದಷ್ಟು ಹೊತ್ತು ರೆಕಾರ್ಡಿಗೆ ಹೋಗಿರಲಿಲ್ಲ, ಹೆಸರು ಇದ್ದದ್ದೂ ಅಲ್ಲೇ. ಟೇಪಣ್ಣನಿಗೆ ತನ್ನ ಕಿವಿಯ ಮೇಲೇ ಹೇಸಿಗೆಯಾಯಿತು.

"ಈ ದರಿದ್ರ ಕಿವಿ ಕಿತ್ತು ಬಿಸಾಕ್ಬೇಕು ಅಕ್ಕ."

ಅಕ್ಕ ಮೊಬೈಲ್ ತೆಗೆದಳು. "ನೀನು ಅಳಿಸು ಅಂದಾಕ್ಷಣ ಅಳಿಸಿಬಿಡೋಳಾ ನಾನು?"

ಅದರಿಂದ ಅರ್ಧ ನಿಮಿಷ ಕತ್ತರಿಸಿ ತೂತಿಗೆ ತೇಪೆ ಹಾಕಿದ. ಶುಭ್ರ ದನಿಯ ನಡುವೆ ಇದ್ದಕ್ಕಿದ್ದಂತೆ ಫ್ಯಾನು, ಹಾರನ್ನು, ಅಕ್ಕನ ಹೆಸರು, ಹೆಸರಿನ ಬಾಲಕ್ಕೇ ಅಂಟಿಕೊಂಡ ಅವನ "ಥೂ". ಆ "ಥೂ" ತೆಗೆಯಲು ಎಲ್ಲಿ ಕತ್ತರಿಸಿದರೂ ಹೆಸರು ತುಂಡಾಗುತ್ತಿತ್ತು.

"ಇರ್ಲಿ ಬಿಡೋ," ಎಂದಳು ಅಕ್ಕ. "ಅವರು ಬದುಕಿದ್ದಾಗ್ಲೂ ನೀನು ಮಧ್ಯೆ ಬಾಯಿ ಹಾಕ್ದೆ ಇದ್ದೋನಾ?"

ಮುಖ ಇನ್ನಷ್ಟು ಸಿಂಡರಿಸಿಕೊಂಡು ಟೇಪಣ್ಣ ಸೇವ್ ಒತ್ತಿದ.